ಹಡಗು ಹಲೋ ಮೂಲೆ ತಿರುಗುವ ಮುನ್ನ

ಇದು ನಡೆದದ್ದು. ಆಣೆ ಇಟ್ಟು ಹೇಳುವವರನ್ನು ನಂಬುವ ಕಾಲ ಹೋಯಿತು, ಅದರಲ್ಲೂ ಆಣೆ ಇಡುವವನು ನದೋಲಿ ದ್ವೀಪದವನಾದರೆ ಅವನ ಹೆಂಡತಿಯೇ ಮೊದಲು ನಗುತ್ತಾಳೆ. ಆದ್ದರಿಂದ ಆಣೆ ಬೇಡ. ಸುವಾ ಪೇಟೆಯ ಬಸ್ ನಿಲ್ದಾಣದ ಹಿಂದೆ ದರ್ಜಿಗಳ ಸಾಲಿದೆಯಲ್ಲ, ಅದರ ಕೊನೆಯ ಮಳಿಗೆ ತೊರಿಕಾಳದ್ದು. ಹೋಗಿ ಅವಳನ್ನೇ ಕೇಳಬಹುದು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರದಿದ್ದರೆ ಹೇಳುತ್ತಾಳೆ.

ತೊರಿಕಾ ಯಾನುಲಾ ದ್ವೀಪದವಳು. ಅವಳ ಮಳಿಗೆಯೆದುರು ಟ್ಯಾಕ್ಸಿ ನಿಲ್ಲಿಸಿಕೊಂಡು, ಗಿರಾಕಿಗಿಂತ ಹೆಚ್ಚಾಗಿ ಜಗಳಕ್ಕೇ ಕಾಯುವ ಮೆಲೆಕಿ ನದೋಲಿಯವನು. ಎರಡೂ ದ್ವೀಪಕ್ಕೆ ಮೂಲಪುರುಷ ಒಬ್ಬನೇ ಅಂತ ಹಿರಿಯರ ಮಾತು, ಹಾಗಾಗಿ ಒಬ್ಬರಿಗೊಬ್ಬರು ತೌವು. ತೌವು ಅಂದರೆ ಬೈಯುವ ನೆಂಟರು. ಬೇರೆಯವರು ಆಡಿದರೆ ತಲೆ ಒಡೆಯುವಂಥ ಮಾತನ್ನು ತೌವು ಆಡಿದರೆ ನಗಬೇಕು, ಇಲ್ಲ ಅದಕ್ಕಿಂತ ಕೆಟ್ಟದ್ದನ್ನು ತಿರುಗಿಸಿ ಆಡಬೇಕು. ಸಿಟ್ಟು ಮಾಡಿಕೊಳ್ಳುವುದೊಂದು ಸಲ್ಲದು. ಮೆಲೆಕಿಯ ಬಾಯಲ್ಲಿ ಯಾನುಲಾದವರೆಲ್ಲ ಏಡಿಗಳು. ತೊರಿಕಾಳ ಬಾಯಲ್ಲಿ ನದೋಲಿಯವರೆಲ್ಲ ಹಂದಿಗಳು. ಅವನು ಅವಳ ನೂಲಿನ ಉಂಡೆ ಕದ್ದರೆ ಅವಳು ಅವನ ಕಾರಿನ ಕನ್ನಡಿಗಳಿಗೆ ಲಂಗ ಹೊಲಿದು ತೊಡಿಸುತ್ತಾಳೆ. ಅವನು ಆ ಲಂಗ ತೊಟ್ಟ ಕಾರಿನಲ್ಲೇ ಪಾದ್ರಿಯನ್ನು ಕೂರಿಸಿಕೊಂಡು ಪೇಟೆ ಸುತ್ತುತ್ತಾನೆ. ಹೀಗೆ ನಡೆದಿತ್ತು ನೆಂಟಸ್ತಿಕೆ.

ಮೆಲೆಕಿಗೆ ಇನ್ನೊಂದು ಖಯಾಲಿ, ಅನುಕರಣೆ. ಹವಾಮಾನ ಓದುವ ಹೆಂಗಸು, ಪ್ರಾರ್ಥನೆಯ ನಡುವೆ ಆಕಳಿಸುವ ಪಾದ್ರಿ, ಏರಿನಲ್ಲಿ ಕೆಮ್ಮುವ ಹಳೇ ಬಸ್ಸು, ಯಾರು ಬೇಕಾದರೂ ಅವನ ಗಂಟಲಿನಿಂದ ಇಳಿದು ಬರುತ್ತಿದ್ದರು. ಹಿಂದಿನ ತಿಂಗಳು ಹೊಸದೊಂದು ದನಿ ಸೇರಿತ್ತು. ಯಾನುಲಾದವರು ಫೋನಿನಲ್ಲಿ ಹಾಕಿದ್ದ ಔತಣದ ಫೋಟೊದ ಕೆಳಗೆ ಇವನು ಇಂಗ್ಲಿಷಿನಲ್ಲಿ, ಮುಂದಿನ ಸಲ ಇವರನ್ನೇ ನೆಲದೊಲೆಗೆ ಹಾಕಿ ಬೇಯಿಸುತ್ತೇವೆ, ದಪ್ಪಗಿರುವವರು ಮುಂದೆ ಬನ್ನಿ ಅಂತ ಬರೆದ. ಇಂಗ್ಲಿಷು ಯಾಕೆಂದರೆ ಬೈಗುಳ ದೂರ ಹೋಗಲಿ ಅಂತ. ದೂರ ಹೋದದ್ದು ದೂರಾಗಿ ತಿರುಗಿ ಬಂತು. ತೌವು ಅಂದರೇನೆಂದು ತಿಳಿಯದ ಯಾರೋ ಪುಣ್ಯಾತ್ಮರು ಆ ಫೋಟೊ ಜಾಲವನ್ನು ನಡೆಸುವ ಕಂಪನಿಗೆ ಹೇಳಿ, ಕಂಪನಿಯು ಆ ಮಾತನ್ನು ಕ್ಷಣದಲ್ಲಿ ಕಿತ್ತು ಹಾಕಿ, ಇವನ ಬಾಯಿಗೆ ಒಂದು ವಾರ ಹೊಲಿಗೆ ಹಾಕಿತು. ಆ ವಾರವೆಲ್ಲ ಮೆಲೆಕಿ ಎದೆಯುಬ್ಬಿಸಿ, ಕಂಪನಿಯ ತಣ್ಣನೆಯ ದನಿಯಲ್ಲಿ, ‘ನಿಮ್ಮ ಮಾತಿನಿಂದ ಇತರರಿಗೆ ಅಪಾಯವಿದೆ’ ಅನ್ನುತ್ತ ತಿರುಗಿದ. ಇತರರಿಗೆ ಅಪಾಯವಿರುವುದು ಇವನ ಬ್ರೇಕಿನಿಂದ ಅಂತ ತೊರಿಕಾ ಅಂದಿದ್ದಳು.

ಆ ನಗುವಿನ ಕಾಲ ಗುರುವಾರ ಬೆಳಿಗ್ಗೆ ಮುಗಿಯಿತು.

ಅಂದು ನಸುಕಿನಲ್ಲಿ ತೊರಿಕಾ ತನ್ನ ಅಕ್ಕ ಉನಾಯ್ಸಿಯನ್ನು ಯಾನುಲಾದ ಹಡಗು ಹತ್ತಿಸಿ ಬಂದಿದ್ದಳು. ಚರ್ಚಿನ ಹೆಂಗಸರ ಸಭೆಗೆಂದು ಬಂದ ಅಕ್ಕ, ಹೋಗುವಾಗ ರೊಟ್ಟಿಯ ಪೊಟ್ಟಣ ಮಡಿಲಲ್ಲಿಟ್ಟುಕೊಂಡು, ಮಗನ ಫೋನು ಬಂದರೆ ಊಟ ಸರಿಯಾಗಿ ಮಾಡು ಅಂತ ಹೇಳು ಅಂದಿದ್ದಳು. ಮಗ ಎಮೋಸಿ ಉತ್ತರದ ದೊಡ್ಡ ದ್ವೀಪದಲ್ಲಿ ಮರದ ದಿಮ್ಮಿ ಸಾಗಿಸುವ ಲಾರಿಯಲ್ಲಿ ಕ್ಲೀನರು. ಇಪ್ಪತ್ತೆರಡರ ಹುಡುಗ, ಗಂಡನಿಲ್ಲದ ಉನಾಯ್ಸಿಗೆ ಒಬ್ಬನೇ.

ತೊರಿಕಾ ಯಂತ್ರದ ಮುಂದೆ ಕೂತು, ದಾರ ಪೋಣಿಸುವ ಮುಂಚೆ ಎಲ್ಲರಂತೆ ರಸ್ತೆ ಸುದ್ದಿ ನೋಡಿದಳು. ರಸ್ತೆ ಸುದ್ದಿ ಅಂದರೆ ಫೋನಿನಲ್ಲಿರುವ ಒಂದು ಗುಂಪು. ಯಾವ ಸೇತುವೆ ನೀರಲ್ಲಿ ಮುಳುಗಿದೆ, ಎಲ್ಲಿ ಪೊಲೀಸರು ನಿಂತಿದ್ದಾರೆ, ಯಾರ ದನ ದಾರಿಯಲ್ಲಿ ಮಲಗಿದೆ, ಎಲ್ಲ ಅದರಲ್ಲಿ ಬರುತ್ತದೆ. ಅರ್ಧ ದೇಶ ಅದರೊಳಗಿದೆ, ಉಳಿದರ್ಧ ಪಕ್ಕದವರ ಫೋನಿನಲ್ಲಿ ಇಣುಕುತ್ತದೆ. ಅವತ್ತು ಮೊದಲಿಗೇ ಮಗುಚಿಬಿದ್ದ ಲಾರಿಯ ಫೋಟೊ. ಮುಂದುಗಡೆ ಹುಲ್ಲಿನ ಮೇಲೆ ಒಬ್ಬ ಹುಡುಗ. ಯಾರೋ ಸೊಂಟದವರೆಗೆ ಬಟ್ಟೆ ಹೊದಿಸಿದ್ದರು, ಮುಖಕ್ಕೆ ಹೊದಿಸಿರಲಿಲ್ಲ. ತೊರಿಕಾ ಮೊದಲು ನೋಡಿದ್ದು ಮುಖವನ್ನಲ್ಲ, ಅಂಗಿಯ ಕಾಲರನ್ನು. ನೀಲಿ ಹೂವಿನ ಬಟ್ಟೆ ಸಾಲದೆ ಕಾಲರಿಗೆ ಹಳದಿ ತುಂಡು ಹಾಕಿ ತಾನೇ ಹೊಲಿದ ಅಂಗಿ. ಹೊಲಿಗೆ ಸೊಟ್ಟಗಾಗಿದೆ ಅಂತ ಒಂದು ಗಳಿಗೆ ಅಂದುಕೊಂಡಳು. ಆಮೇಲೆ ಮುಖ ನೋಡಿದಳು.

ಅಕ್ಕಪಕ್ಕದ ದರ್ಜಿಗಳು ಅವಳನ್ನು ನೆಲದಿಂದ ಎತ್ತಿ ಕೂರಿಸಿದರು.

ಫೋಟೊ ಹಾಕಿದವನು ಕೆಟ್ಟವನೇನಲ್ಲ. ಲೈಸೆನಿ ಎಂಬ ಹೆಸರಿನ ಕೂಲಿಯಾಳು, ಅದೇ ದಾರಿಯಲ್ಲಿ ಹೋಗುತ್ತಿದ್ದವನು. ಫೋಟೊದ ಮೇಲೆ ನಮ್ಮ ಭಾಷೆಯಲ್ಲಿ ಪ್ರಾರ್ಥನೆ ಬರೆದಿದ್ದ: ತಂದೆಯೇ, ಈ ತಮ್ಮನನ್ನು ನಿನ್ನ ಮಡಿಲಲ್ಲಿ ಇಟ್ಟುಕೋ, ಇವನ ಮನೆಯವರನ್ನು ಬಲ್ಲವರು ದಯವಿಟ್ಟು ತಿಳಿಸಿ. ಜನ ಬಲ್ಲರು, ತಿಳಿಸಿದರು. ಹುಡುಗನ ಹೆಸರು ಬರೆದರು, ಊರು ಬರೆದರು, ಕೊನೆಗೆ ತಾಯಿಯ ಹೆಸರು ಹಿಡಿದು ಅವಳ ಫೋನಿಗೇ ಹೋಗಿ ಮುಟ್ಟುವಂತೆ ಬರೆದರು: ಉನಾಯ್ಸಿ, ಗಟ್ಟಿಯಾಗಿರು ತಾಯಿ. ಒಬ್ಬರಲ್ಲ ಇಬ್ಬರಲ್ಲ. ಪ್ರತಿಯೊಂದರ ಪಕ್ಕದಲ್ಲಿ ಕೈಮುಗಿದ ಚಿತ್ರ, ಅಳುವ ಚಿತ್ರ.

ಆಸ್ಪತ್ರೆಯವರು ಹೌದು ಅಂದರು. ತೊರಿಕಾ ಯಾನುಲಾಕ್ಕೆ ಫೋನು ಮಾಡಿದಳು. ಎತ್ತಿಕೊಂಡವನು ಅವರ ಅಣ್ಣ, ಮನೆತನದ ಹಿರಿಯ ಇಸಿಕೇಲಿ. ಹಡಗು ಯಾವಾಗ ಹೊರಟಿತು ಅಂತ ಅವನು ಕೇಳಿದ. ಹೇಳಿದಳು. ಹಾಗಾದರೆ ಸಂಜೆಗೆ ಇಲ್ಲಿ ದಕ್ಕೆಯಲ್ಲಿ ಎಲ್ಲ ಅಣಿ ಮಾಡಿಕೊಂಡಿರುತ್ತೇವೆ, ಅಂದ.

ಅಣಿ ಅಂದರೆ, ಉನಾಯ್ಸಿಯನ್ನು ಮರಳಿಗೆ ಇಳಿಸಿ, ಚಾಪೆಯ ಮೇಲೆ ಕೂರಿಸಿ, ಎಡಬಲಕ್ಕೆ ಹೆಂಗಸರು ಒತ್ತಿ ಕೂತು, ಎದುರಿಗೆ ಇಸಿಕೇಲಿ ಎರಡೂ ಕೈಯಲ್ಲಿ ತಂಬುವ ಅನ್ನುವ ತಿಮಿಂಗಿಲದ ಹಲ್ಲು ಹಿಡಿದು ತಲೆ ತಗ್ಗಿಸಿ ಹೇಳುವುದು. ಸಾವನ್ನು ಹಾಗೇ ಹೇಳಬೇಕು. ಅದನ್ನು ಕೇಳುವವಳ ಬೆನ್ನಿಗೆ ಯಾರದೋ ಎದೆ ಇರಬೇಕು.

“ತಂಗಿ, ಹಲೋ ಮೂಲೆ,” ಅಂದ ಇಸಿಕೇಲಿ.

ತೊರಿಕಾಗೂ ಅದೇ ಹೊಳೆದಿತ್ತು. ಸುವಾ ಬಿಟ್ಟ ಮೇಲೆ ಹಡಗಿಗೆ ಸಿಗ್ನಲ್ ಇರುವುದಿಲ್ಲ. ಯಾನುಲಾದ ಬಂಡೆಮೂಗನ್ನು ಬಳಸಿ ತಿರುಗಿದ ಕೂಡಲೇ ಗುಡ್ಡದ ಮೇಲಿನ ಕಂಬದಿಂದ ಒಮ್ಮೆಗೇ ಬರುತ್ತದೆ. ಜನರೆಲ್ಲ ಒಂದೇ ಪಕ್ಕಕ್ಕೆ ನುಗ್ಗಿ, ಕಂಬಿಯ ಆಚೆಗೆ ಬಾಗಿ, ಫೋನು ಹಿಡಿದ ಕೈ ಸಮುದ್ರದ ಮೇಲೆ ಚಾಚಿ ‘ಹಲೋ ಹಲೋ’ ಅನ್ನುವುದರಿಂದ ಅದಕ್ಕೆ ಆ ಹೆಸರು. ಅಲ್ಲಿಂದ ದಕ್ಕೆಗೆ ಇನ್ನೂ ಒಂದು ಗಂಟೆಯ ದಾರಿ. ತೊರಿಕಾ, ಇಸಿಕೇಲಿ ಚಿಕ್ಕವರಾಗಿದ್ದಾಗ ವಯರ್‌ಲೆಸ್ಸಿನಲ್ಲಿ ಗಂಡನ ಸಾವು ಕೇಳಿದ ಹೆಂಗಸೊಬ್ಬಳು ಅದೇ ಮೂಲೆಯಲ್ಲಿ, ಅದೇ ಕಂಬಿಯ ಮೇಲಿಂದ ನೀರಿಗೆ ಹೋಗಿದ್ದಳು. ಯಾರೂ ತಳ್ಳಿರಲಿಲ್ಲ. ಯಾರೂ ಹಿಡಿದೂ ಇರಲಿಲ್ಲ.

ಅಲ್ಲಿಂದ ತೊರಿಕಾಳ ಓಡಾಟ ಶುರುವಾಯಿತು, ಮೊದಲು ಕೂತಲ್ಲೇ.

ಲೈಸೆನಿಗೆ ಫೋನು ಮಾಡಿದಳು, ಹೋಗಲಿಲ್ಲ. ಅವನ ಊರಿನವರೊಬ್ಬರ ಮೂಲಕ ತಿಳಿದದ್ದಿಷ್ಟು: ಫೋಟೊ ಏರಿಸುವಷ್ಟರಲ್ಲಿ ಅವನ ಡೇಟಾ ಮುಗಿದಿದೆ, ಕಾಡಿನೊಳಗೆ ಕೆಲಸಕ್ಕೆ ಹೋಗಿದ್ದಾನೆ, ಅಲ್ಲಿ ರೀಚಾರ್ಜ್ ಅಂಗಡಿಯೂ ಇಲ್ಲ, ಅಂಗಡಿಯಿಡುವ ಬುದ್ಧಿಯೂ ಯಾರಿಗೂ ಬಂದಿಲ್ಲ. ಗುಂಪಿನ ಯಜಮಾನ ಯಾರೆಂದು ಹುಡುಕಿದಳು. ಆಸ್ಟ್ರೇಲಿಯಾದ ಮಾಂಸದ ಕಾರ್ಖಾನೆಯಲ್ಲಿದ್ದಾನೆ. ಒಳಗೆ ಹೋಗುವ ಮುಂಚೆ ಫೋನನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು, ಪಾಳಿ ಮುಗಿಯುವುದು ಕತ್ತಲಾದ ಮೇಲೆ.

ಉಳಿದದ್ದು ಕಂಪನಿ. ಫೋಟೊದ ಮೂಲೆಯ ಮೂರು ಚುಕ್ಕಿ ಒತ್ತಿದಳು. ಏನು ತೊಂದರೆ ಅಂತ ಅದು ಕೇಳಿತು. ಬೆತ್ತಲೆಯೋ? ಬೆದರಿಕೆಯೋ? ಮೋಸವೋ? ನಿಷೇಧಿಸಿದ ಸರಕಿನ ಮಾರಾಟವೋ? ದ್ವೇಷವೋ? ತೊರಿಕಾ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದಳು. ಇವನ ತಾಯಿಗೆ ಇನ್ನೂ ಗೊತ್ತಿಲ್ಲ ಅನ್ನುವುದಕ್ಕೆ ಒತ್ತುವ ಜಾಗ ಇರಲಿಲ್ಲ. ಕೊನೆಗೆ ಭೀಕರ ದೃಶ್ಯ ಅನ್ನುವುದನ್ನು ಒತ್ತಿದಳು. ಸ್ವಲ್ಪ ಹೊತ್ತಿಗೆ ಉತ್ತರ ಬಂತು: ಧನ್ಯವಾದ, ನಾವು ಪರಿಶೀಲಿಸಿದೆವು, ಇದು ನಮ್ಮ ನಿಯಮಗಳನ್ನು ಮೀರಿಲ್ಲ, ನಿಮಗೆ ನೋಡಲು ಇಷ್ಟವಿಲ್ಲದಿದ್ದರೆ ಮರೆಮಾಡಬಹುದು. ರಕ್ತವಿಲ್ಲದ ಫೋಟೊ ಅದು. ಎಮೋಸಿ ನಿದ್ದೆ ಮಾಡಿದಂತೆ ಇದ್ದ. ಮೇಲೆ ಬರೆದ ಪ್ರಾರ್ಥನೆ ಅವರಿಗೆ ಓದಲು ಬಂದಿರಲಿಲ್ಲ. ಬಂದಿದ್ದರೂ ಪ್ರಾರ್ಥನೆಯಲ್ಲಿ ತಪ್ಪೇನು ಕಾಣಬೇಕು?

ಮತ್ತೆ ದೂರು ಕೊಟ್ಟಳು. ಪಕ್ಕದ ಮಳಿಗೆಯ ಸುರುಜ್‌ಮತಿ ಕೊಟ್ಟಳು, ಅದರ ಪಕ್ಕದವಳು ಕೊಟ್ಟಳು. ಎಲ್ಲರಿಗೂ ಅದೇ ಧನ್ಯವಾದ.

ಪೊಲೀಸ್ ಠಾಣೆಯ ಸಾರ್ಜೆಂಟ್ ಒಳ್ಳೆಯ ಮನುಷ್ಯ. ಫೋಟೊ ನೋಡಿ ಟೊಪ್ಪಿ ತೆಗೆದ. ಇದು ಕಾನೂನಿಗೆ ವಿರುದ್ಧ, ಅನುಮಾನವೇ ಇಲ್ಲ, ಈಗಲೇ ಬರೆದುಕೊಳ್ಳುತ್ತೇನೆ ಅಂದ. ಬರೆದುಕೊಂಡೂ ಬಿಟ್ಟ. ಅದು ಮೇಲಿನವರಿಗೆ ಹೋಗಿ, ಅವರಿಂದ ಕಂಪನಿಯ ದೇಶಕ್ಕೆ ಹೋಗಿ, ಅಲ್ಲಿಂದ ಯಾರೋ ಒಬ್ಬರ ಮೇಜಿಗೆ ಬರಬೇಕು. ಸಂಜೆಯೊಳಗೆ ಆಗುತ್ತದಾ ಅಂತ ಕೇಳಿದಳು. “ಅಕ್ಕ, ನಮ್ಮ ಕಾಗದ ಹಡಗಿಗಿಂತ ನಿಧಾನ,” ಅಂದ ಅವನು, ಅವಳ ಮುಖ ನೋಡದೆ.

ಹಡಗಿನ ಕಚೇರಿಯವರು ಕ್ಯಾಪ್ಟನ್ನಿಗೆ ರೇಡಿಯೊದಲ್ಲಿ ತಿಳಿಸಲು ಒಪ್ಪಿದರು. ಆದರೆ ಹಡಗು ತುಂಬ ಜನ, ಜನಕ್ಕೊಂದು ಫೋನು. ಉನಾಯ್ಸಿಯ ಫೋನು ಇಸಕೊಂಡರೆ ಪಕ್ಕದವಳ ಫೋನು ತೋರಿಸುತ್ತದೆ, ಪಕ್ಕದವಳದ್ದು ಇಸಕೊಂಡರೆ ಅವಳ ಗಂಡನದ್ದು. ಮೇಲಾಗಿ, ಯಾಕೆ ಇಸಕೊಳ್ಳುತ್ತೀರಿ ಅಂತ ಕೇಳಿದರೆ ಕ್ಯಾಪ್ಟನ್ ಏನನ್ನಬೇಕು? ಅವನ ಕೈಯಲ್ಲಿ ತಂಬುವ ಇಲ್ಲ.

ಮಧ್ಯಾಹ್ನ ದಾಟಿತು. ತೊರಿಕಾ ಮಳಿಗೆಯ ನೆಲದ ಮೇಲೆ, ಕತ್ತರಿಸಿದ ಬಟ್ಟೆಚೂರುಗಳ ನಡುವೆ ಕೂತು ಮೂರು ಚುಕ್ಕಿ ಒತ್ತುತ್ತಲೇ ಇದ್ದಳು. ಬೆರಳು ತಾನಾಗಿ ಹೋಗುತ್ತಿತ್ತು. ಪ್ರತಿ ಸಲವೂ ಆ ಮುಖ ದಾಟಿಯೇ ಚುಕ್ಕಿಗೆ ಹೋಗಬೇಕು. ದಾಟಿ ದಾಟಿ, ತಾನೇ ಅವನನ್ನು ಮತ್ತೆ ಮತ್ತೆ ಆ ಹುಲ್ಲಿನ ಮೇಲೆ ಮಲಗಿಸುತ್ತಿದ್ದೇನೆ ಅನ್ನಿಸತೊಡಗಿತು. ಒಮ್ಮೆ ಫೋನನ್ನು ಯಂತ್ರದ ಕೆಳಗೆ ಇಟ್ಟು ಸೂಜಿ ಇಳಿಸಿಬಿಡಲೇ ಅಂದುಕೊಂಡಳು. ಇದೊಂದು ಫೋನು ಒಡೆದರೆ ಏನಾಗುತ್ತದೆ?

ಮೆಲೆಕಿ ಬೆಳಗಿನಿಂದ ಅಲ್ಲೇ ಇದ್ದ. ಬಾಡಿಗೆಗೆ ಹೋಗಿರಲಿಲ್ಲ, ಅವಳನ್ನು ಠಾಣೆಗೆ, ಹಡಗಿನ ಕಚೇರಿಗೆ ಓಡಾಡಿಸಿದ್ದ, ಒಂದೂ ದನಿ ತೆಗೆದಿರಲಿಲ್ಲ. ಈಗ ಚಪ್ಪಲಿ ಕಳಚಿ ಒಳಗೆ ಬಂದು, ನೆಲದಲ್ಲಿ ಅವಳೆದುರು ಕೂತ.

“ತೌವು, ಒಂದು ಮಾತು ಹೇಳ್ತೀನಿ. ಕತ್ತರಿ ಎಸೀಬೇಡ.”

ಅವಳು ಎಸೆಯುವ ಸ್ಥಿತಿಯಲ್ಲಿರಲಿಲ್ಲ.

“ನೀನು ಬೆಳಿಗ್ಗೆಯಿಂದ ಕಂಪನಿಯವ್ರಿಗೆ ನಿಜ ಹೇಳ್ತಾ ಇದ್ದೀಯ. ನಿಜ ಅವ್ರ ಕಿವಿಗೆ ಬೀಳಲ್ಲ. ನಂದು ಬೀಳತ್ತೆ. ಹೋದ ತಿಂಗಳು ನಿಮ್ಮೂರವ್ರನ್ನ ಬೇಯಿಸ್ತೀನಿ ಅಂದಿದ್ದಕ್ಕೆ ಎಷ್ಟು ಬೇಗ ಕಿತ್ತು ಹಾಕಿದ್ರು ನೋಡಿದ್ಯಲ್ಲ.”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಬಿಡಿಸಿ ಹೇಳಿದ. ಫೋಟೊದ ಕೆಳಗೆ ಈಗಿರುವುದೆಲ್ಲ ಪ್ರಾರ್ಥನೆ. ಪ್ರಾರ್ಥಿಸುವವರಾರೂ ದೂರು ಕೊಡುವುದಿಲ್ಲ, ಅವರಿಗೆ ತಾವು ಒಳ್ಳೆಯದನ್ನೇ ಮಾಡುತ್ತಿದ್ದೇವೆ ಅನ್ನಿಸಿದೆ. ಅಲ್ಲಿಗೆ ನದೋಲಿಯ ತೌವುಗಳು ಹೋಗಿ, ಇಂಗ್ಲಿಷಿನಲ್ಲಿ, ಔತಣದ ಫೋಟೊಗೆ ಬರೆದಂತೆ ಬರೆಯಬೇಕು. ಒಬ್ಬರಲ್ಲ, ಸಿಕ್ಕಷ್ಟು ಜನ. ತೌವು ಗೊತ್ತಿಲ್ಲದ ಅರ್ಧ ದೇಶ ಕೆರಳುತ್ತದೆ. ಕೆರಳಿದವರು ಒತ್ತುತ್ತಾರೆ. ಆಗ ಬೆದರಿಕೆ ಅನ್ನುವ ಕಡೆ ಒತ್ತುತ್ತಾರೆ. ಬೆದರಿಕೆಯ ರಾಶಿ ಬಿದ್ದ ಜಾಗವನ್ನು ಕಂಪನಿ ಬುಡಸಮೇತ ತೆಗೆಯುತ್ತದೆ, ಮೂಲ ಹೋದರೆ ಹಂಚಿಕೊಂಡದ್ದೂ ಹೋಗುತ್ತದೆ.

“ತೆಗೀದೇ ಇದ್ರೆ?” ಅಂದಳು ತೊರಿಕಾ.

ತೆಗೆಯದೇ ಇದ್ದರೆ ಹಲೋ ಮೂಲೆಯಲ್ಲಿ, ಕಂಬಿಗೆ ಬಾಗಿ ನಿಂತ ಅಕ್ಕ, ಮಗನ ಮುಖವನ್ನೂ ಅದರ ಕೆಳಗೆ ಅವನನ್ನು ಬೇಯಿಸಿ ತಿನ್ನುವ ಮಾತನ್ನೂ ಒಟ್ಟಿಗೆ ನೋಡುತ್ತಾಳೆ. ತೌವು ಸಾವಿನ ಮನೆಗೂ ಬಂದು ನಗಿಸುವುದುಂಟು, ಅದು ಅವರ ಹಕ್ಕು. ಆದರೆ ಮಣ್ಣಾದ ಮೇಲೆ. ಹೆಣ ಇನ್ನೂ ಆಸ್ಪತ್ರೆಯಲ್ಲಿರುವಾಗ, ಹೆತ್ತವಳಿಗೇ ತಿಳಿಯದಿರುವಾಗ, ಯಾವ ತೌವು ಬಾಯಿ ತೆರೆದಿದ್ದಾನೆ? ಹಾಗೆ ಮಾಡಿದವನನ್ನು ಎರಡೂ ದ್ವೀಪದಲ್ಲಿ ಯಾರೂ ಚಾಪೆಗೆ ಕರೆಯುವುದಿಲ್ಲ. ಅದು ಮೆಲೆಕಿಗೂ ಗೊತ್ತಿತ್ತು, ಅವನ ಕಿವಿಗಳು ಕೆಂಪಾಗಿದ್ದವು.

ತೊರಿಕಾ ಇಸಿಕೇಲಿಗೆ ಫೋನು ಮಾಡಿ ಕೇಳಿದಳು. ದಕ್ಕೆಯಲ್ಲಿ ಚಾಪೆ ಹಾಸುವ ಸದ್ದು, ಹೆಂಗಸರ ಪಿಸುಮಾತು ಕೇಳಿಸುತ್ತಿತ್ತು. “ಹೂಂ ಅನ್ನೋಕೆ ನನ್ನ ಬಾಯಿ ಬರಲ್ಲ. ಬೇಡ ಅನ್ನೋಕೂ ಬರ್ತಿಲ್ಲ,” ಅಂದ ಹಿರಿಯ. “ನೀನು ಅವನ ಚಿಕ್ಕಮ್ಮ. ನೀನೇ ಹೇಳು.”

ಅವಳು ಫೋನಿಟ್ಟಳು. ಗೋಡೆಯ ಮೇಲೆ ಶಾಲೆಯ ಮಕ್ಕಳ ಅರೆಹೊಲಿದ ಅಂಗಿಗಳು ತೂಗುತ್ತಿದ್ದವು, ಒಂದಕ್ಕೂ ಕೈ ಇರಲಿಲ್ಲ. ಅವಳಿಗೆ ಅಳು ಬರಲಿಲ್ಲ. ಅಳುವುದಕ್ಕೆ ಸಮಯ ಆಗಿರಲಿಲ್ಲ, ಅಕ್ಕ ಅಳುವವರೆಗೆ ತಾನು ಅಳುವಂತಿರಲಿಲ್ಲ.

“ಬರಿ,” ಅಂದಳು. “ನಾನು ಓದಲ್ಲ. ನನಗೆ ತೋರಿಸಬೇಡ.”

ಮೆಲೆಕಿ ಕಾರಿನಲ್ಲಿ ಕೂತು, ಫೋನಿನಲ್ಲಿ ತಾನಿಟ್ಟುಕೊಂಡ ಅಡ್ಡಹೆಸರಿನಲ್ಲಿ ಬರೆದ. ಮೊದಲು ತನ್ನದು, ಆಮೇಲೆ ಸಂತೆಯಲ್ಲಿ ಕೆಸುವಿನ ಗೆಡ್ಡೆ ಮಾರುವ ಅವನ ಅತ್ತೆಯದು. ಅಲ್ಲಿಂದ ಸುದ್ದಿ ಸಿಡ್ನಿಯಲ್ಲಿ ಮುದುಕರನ್ನು ನೋಡಿಕೊಳ್ಳುವ ನದೋಲಿಯ ಹೆಂಗಸರಿಗೆ, ಮರುಭೂಮಿಯಲ್ಲಿ ಪಹರೆ ಕಾಯುವ ನದೋಲಿಯ ಸಿಪಾಯಿಗಳಿಗೆ, ಹಣ್ಣು ಕೀಳುವವರಿಗೆ, ಮೀನಿನ ದೋಣಿಯವರಿಗೆ ಹೋಯಿತು. ಪ್ರತಿಯೊಬ್ಬರೂ ಮೊದಲು ಕೇಳಿದ್ದು ಒಂದೇ: ಯಾನುಲಾದವರು ಒಪ್ಪಿದ್ದಾರಾ? ಅವನ ಚಿಕ್ಕಮ್ಮ ಒಪ್ಪಿದ್ದಾಳೆ ಅಂತ ಮೆಲೆಕಿ ಹೇಳಿದ. ಅದರ ಮೇಲೆ ಯಾರೂ ಪ್ರಶ್ನೆ ಕೇಳಲಿಲ್ಲ, ಬರೆದರು. ಸಿಪಾಯಿಯೊಬ್ಬ ಅಳುತ್ತ ಬರೆದನಂತೆ.

ತೊರಿಕಾ ಓದಲಿಲ್ಲ. ಓದದೆಯೂ ತಿಳಿಯುತ್ತಿತ್ತು, ಸಾಲಿನ ಉದ್ದಕ್ಕೂ ದರ್ಜಿಗಳ ಯಂತ್ರಗಳು ಒಂದೊಂದಾಗಿ ನಿಂತವು. ಎಲ್ಲರೂ ಫೋನು ನೋಡುತ್ತಿದ್ದರು. ಸುರುಜ್‌ಮತಿ ಕಣ್ಣು ಒರೆಸಿಕೊಳ್ಳುತ್ತ ಎದ್ದು ಬಂದಳು. ಇಪ್ಪತ್ತು ವರ್ಷದಿಂದ ಪಕ್ಕದಲ್ಲಿದ್ದರೂ ಅವಳು ಬೇರೆ ಜನ, ತೌವು ಅವಳಿಗೆ ಬರೀ ಗಲಾಟೆ.

“ತೊರಿಕಾ, ನೀನು ಮಾತ್ರ ನೋಡ್ಬೇಡ ಕಣೇ. ಯಾವನೋ ರಾಕ್ಷಸ ನಿನ್ ಹುಡುಗನ ಫೋಟೊ ಕೆಳಗೆ ಏನೇನೋ ಬರ್ದಿದಾನೆ. ನಾನು ದೂರು ಕೊಟ್ಟೆ.”

“ಕೊಡಕ್ಕ. ನಿನ್ನ ಗಂಡನ ಫೋನಿಂದಾನೂ ಕೊಡು.”

“ಕೊಡ್ತೀನಿ. ಸೊಸೇದ್ರಿಂದಾನೂ ಕೊಡಿಸ್ತೀನಿ. ಇಂಥವನ ಕೈಗೆ ಕುಷ್ಠ ಬರ್ಲಿ.”

ಎದುರಿಗೆ ಕಾರಿನಲ್ಲಿ ಕೂತ ಮೆಲೆಕಿ ತನ್ನ ಕೈ ನೋಡಿಕೊಂಡ.

ಬೆಳಗಿನಿಂದ ಕೈಮುಗಿದ ಚಿತ್ರ ಹಾಕಿದ್ದವರೆಲ್ಲ ಈಗ ಮುಷ್ಟಿ ಬಿಗಿದಿದ್ದರು. ನಿವೃತ್ತ ಹೆಡ್‌ಮಾಸ್ತರೊಬ್ಬರು, ಸತ್ತವರ ಮೇಲೆ ಇಂಥ ಮಾತಾಡುವ ದೇಶ ಉದ್ಧಾರವಾಗುವುದಿಲ್ಲ, ಪ್ರತಿಯೊಬ್ಬರೂ ಈ ಕೂಡಲೇ ಕಂಪನಿಗೆ ತಿಳಿಸಿ ಅಂತ ಉದ್ದಕ್ಕೆ ಬರೆದರು. ಜನ ಅವರ ಮಾತು ಕೇಳಿದರು. ತೊರಿಕಾ ಗಡಿಯಾರ ನೋಡುವುದನ್ನು ಬಿಟ್ಟು ನೆರಳು ನೋಡತೊಡಗಿದಳು, ಅದು ನಿಲ್ದಾಣದ ಮಾಡನ್ನು ದಾಟಿತ್ತು. ಅಕ್ಕ ಈಗ ಚೀಲಗಳನ್ನು ಒಟ್ಟು ಮಾಡುತ್ತಿರಬೇಕು. ಫೋನು ಹೊರಗೆ ತೆಗೆದಿರಬೇಕು. ಪರದೆಯನ್ನು ಲಂಗದ ತುದಿಯಲ್ಲಿ ಒರೆಸುವುದು ಅವಳ ಅಭ್ಯಾಸ. ಚುಕ್ಕಿ ಒತ್ತಲು ಇನ್ನೊಮ್ಮೆ ಬೆರಳಿಟ್ಟಳು. ಮುಖ ಅಲ್ಲೇ ಇತ್ತು. ಹಳದಿ ಕಾಲರು ಅಲ್ಲೇ ಇತ್ತು. ಕೆಳಗೆ ಕಣ್ಣು ಹಾಯದಂತೆ ಅಂಗೈ ಅಡ್ಡ ಹಿಡಿದಳು. ಏನು ಮಾಡಿಬಿಟ್ಟೆ ಅಂದುಕೊಂಡಳು. ಹುಡುಗ ಸತ್ತದ್ದು ಸಾಲದು ಅಂತ ಅವನ ಸುತ್ತ ಹಂದಿಗಳನ್ನು ನಿಲ್ಲಿಸಿದೆ.

ಮತ್ತೆ ಒತ್ತಿದಳು. ಬಿಳಿ ಪರದೆ ಬಂತು. ಇದು ಈಗ ಲಭ್ಯವಿಲ್ಲ ಅಂತ ಬರೆದಿತ್ತು.

ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡು ಫೋನು ಅಲ್ಲಾಡಿಸಿದಳು. ಸುರುಜ್‌ಮತಿಯ ಫೋನು ಕಸಿದು ನೋಡಿದಳು. ಅಲ್ಲೂ ಬಿಳಿ. ಮೆಲೆಕಿ ಕಾರಿನಿಂದ ಇಳಿದು ಬಂದು ತನ್ನದನ್ನು ತೋರಿಸಿದ. ಅವನ ಫೋನಿನಲ್ಲಿ ಫೋಟೊ ಮಾತ್ರವಲ್ಲ, ಅವನ ಹೆಸರೇ ಇರಲಿಲ್ಲ. ಹತ್ತು ವರ್ಷದ ಗಿರಾಕಿಗಳು, ಮಕ್ಕಳ ಫೋಟೊಗಳು, ಸತ್ತ ಹೆಂಡತಿಯ ಹಾಡಿನ ತುಣುಕುಗಳು, ಎಲ್ಲ ಹೋಗಿದ್ದವು. ಅವನ ಅತ್ತೆಯದೂ ಹೋಗಿತ್ತು, ಸಿಪಾಯಿಗಳದೂ. ನದೋಲಿಗೆ ನದೋಲಿಯೇ ಬಾಯಿ ಕಳೆದುಕೊಂಡಿತ್ತು.

ಆದರೆ ಹಡಗು ಮೂಲೆ ತಿರುಗಿದ್ದು ಇದಕ್ಕೆ ಮುಂಚೆಯೋ ಆಮೇಲೋ?

ಅದನ್ನು ಹೇಳುವವರು ಯಾರೂ ಇರಲಿಲ್ಲ. ತೊರಿಕಾ ಅಕ್ಕನಿಗೆ ಫೋನು ಮಾಡುವಂತಿರಲಿಲ್ಲ. ಮಾಡಿದರೆ ದನಿ ಹೇಳಿಬಿಡುತ್ತದೆ. ಮಳಿಗೆಯ ಹೊಸ್ತಿಲಲ್ಲಿ ಇಬ್ಬರೂ ಕೂತರು. ಮೆಲೆಕಿಯಲ್ಲಿ ಆಗ ಯಾರ ದನಿಯೂ ಇರಲಿಲ್ಲ. ಬಸ್ಸುಗಳು ತುಂಬಿ ಹೋದವು, ಖಾಲಿ ಬಂದವು.

ಇಸಿಕೇಲಿಯ ಫೋನು ಬಂತು. ಫೋನನ್ನು ಎತ್ತಿ ಹಿಡಿದಿದ್ದ, ಅಷ್ಟೇ. ಅಲೆಯ ಸದ್ದು, ಅದರ ಮೇಲೆ ಹೆಂಗಸರ ಅಳು ಕೇಳಿಸಿತು, ಎತ್ತರದಲ್ಲಿ ಒಂದು, ಅದನ್ನು ಹಿಡಿದುಕೊಂಡು ಅನೇಕ. ನೆಲದ ಮೇಲಿನ ಅಳು, ಹಡಗಿನದಲ್ಲ. ಎತ್ತರದ ದನಿ ಅಕ್ಕನದು. ತೊರಿಕಾ ಆಗ ತಲೆಗೆ ಬಟ್ಟೆ ಎಳೆದುಕೊಂಡು ಅತ್ತಳು.

ಶವ ಯಾನುಲಾಕ್ಕೆ ಬಂತು, ಜೊತೆಗೆ ತೊರಿಕಾ ಬಂದಳು, ಮಣ್ಣಾಯಿತು. ಅದಾದ ಮೇಲೆ ಒಂದು ಬೆಳಿಗ್ಗೆ ನದೋಲಿಯವರು ದೋಣಿಯಲ್ಲಿ ಬಂದರು. ಚಾಪೆ, ಬಟ್ಟೆ, ಕಟ್ಟಿ ಹಾಕಿದ ಒಂದು ಹಂದಿ. ಮೆಲೆಕಿ ಎಲ್ಲರಿಗಿಂತ ಹಿಂದೆ, ಮೊಣಕಾಲಿನಲ್ಲಿ ತೆವಳಿಕೊಂಡು ಒಳಗೆ ಬಂದ. ಅದು ರೂಢಿ, ಆದರೆ ಅವನು ಬಾಗಿಲ ಬಳಿಯೇ ಉಳಿದುಬಿಟ್ಟ. ಹಂದಿಯನ್ನು ನೋಡಿ, ನಿಮ್ಮ ಮಾವನನ್ನು ಯಾಕೆ ಕಟ್ಟಿ ತಂದಿರಿ ಅಂತ ಯಾನುಲಾದ ಮುದುಕಿಯೊಬ್ಬಳು ಶುರು ಮಾಡಿದಳು. ಯಾರೂ ನಗಲಿಲ್ಲ. ನಗಬೇಕಾದವಳು ಗೋಡೆಗೆ ಒರಗಿ ಕೂತಿದ್ದಳು. ಉನಾಯ್ಸಿ ದಕ್ಕೆಯಲ್ಲಿ ಅತ್ತದ್ದೇ ಕೊನೆ, ಅಲ್ಲಿಂದ ಮಾತಿಲ್ಲ, ತುತ್ತಿಲ್ಲ. ಹೆಂಗಸರು ಸರದಿಯಲ್ಲಿ ಅವಳನ್ನು ಹಿಡಿದುಕೊಂಡು ಕೂರುತ್ತಿದ್ದರು. ಸಮುದ್ರದ ಕಡೆಯ ಬಾಗಿಲನ್ನು ಇಸಿಕೇಲಿ ಮುಚ್ಚಿಸಿದ್ದ.

ಅವಳು ಮೆಲೆಕಿಯನ್ನು ನೋಡಿದಳು. ತುಟಿ ಒಣಗಿ ಅಂಟಿಕೊಂಡಿದ್ದರಿಂದ ಮಾತು ನಿಧಾನವಾಗಿ ಬಂತು.

“ಹಲೋ ಮೂಲೇಲಿ ನನ್ನ ಫೋನು ಬಡ್ಕೊಂಡಿದ್ದೇ ಬಡ್ಕೊಂಡಿದ್ದು. ಎಲ್ಲರೂ ನನ್ನ ಹೆಸರು ಬರ್ದಿದಾರೆ ಅಂತ. ಒತ್ತಿದ್ರೆ ಬಿಳಿ, ಏನೂ ಇಲ್ಲ. ಎಮೋಸಿಗೆ ಏನೋ ಒಳ್ಳೇದಾಗ್ಬೇಕು, ಅದಕ್ಕೇ ಇಷ್ಟು ಜನ ಅಂತ ಪಕ್ಕದವಳಿಗೆ ಹೇಳ್ದೆ. ಕಂಬಿ ಹಿಡ್ಕೊಂಡು ನಗ್ತಾ ಬಂದೆ ದಕ್ಕೆವರೆಗೂ.”

ಅವಳು ಕೈಯಿಂದ ತುಟಿ ಒರೆಸಿಕೊಂಡಳು.

“ಆಮೇಲೆ ತೊರಿಕಾ ಹೇಳಿದ್ಲು ಏನು ಮಾಡಿದ್ರಿ ಅಂತ. ಏನು ಬರ್ದೆ ಅದ್ರಲ್ಲಿ? ನನ್ನ ಮಗನ ಮೇಲೆ ಬರ್ದಿದ್ದು. ಹೇಳು.”

ಮೆಲೆಕಿ ತೊರಿಕಾಳ ಕಡೆ ನೋಡಿದ. ಅವಳಿಗೂ ಗೊತ್ತಿರಲಿಲ್ಲ, ಅವಳು ಓದಿರಲಿಲ್ಲ. ಅವನು ಎರಡೂ ಕೈ ನೆಲಕ್ಕೆ ಊರಿದ.

“ಬೇಡ ತಾಯಿ.”

“ತೌವು ಹೌದೋ ಅಲ್ವೋ ನೀನು?”

ಅವನು ತಲೆ ಎತ್ತದೆಯೇ ಹೇಳಿದ. ಮೊದಲು ತನ್ನ ದನಿಯಲ್ಲಿ, ಅದು ನಡುಗಿದ್ದರಿಂದ ನಡುವೆ ಬಿಟ್ಟು, ಔತಣದ ಮನೆಯಲ್ಲಿ ಕೂಗಿ ಸಾರುವವನ ದನಿಯಲ್ಲಿ:

“ನದೋಲಿಯ ಜನರೇ, ಕೇಳಿ. ಈ ಯಾನುಲಾದ ಏಡಿಮರಿಯನ್ನು ಬೇಯಿಸೋಣ ಅಂತ ಒಲೆ ಹಚ್ಚಿದ್ದೆವು. ಆಗಲ್ಲ. ಇಪ್ಪತ್ತೆರಡು ವರ್ಷ ಇವನು ಇವರಮ್ಮ ಮಾಡಿದ ಮೀನುಸಾರು ಕುಡಿದಿದ್ದಾನೆ, ಒಳಗೆಲ್ಲ ಕೆಟ್ಟುಹೋಗಿದೆ, ತಿಂದರೆ ನಾವು ಉಳಿಯಲ್ಲ. ಆ ಅಮ್ಮನನ್ನೇ ತನ್ನಿ, ಅವಳನ್ನು ಬೇಯಿಸೋಣ. ಆದರೆ ಅಡುಗೆ ಮಾತ್ರ ಅವಳ ಕೈಗೆ ಕೊಡಬೇಡಿ.”

ಇಸಿಕೇಲಿ ಕಣ್ಣು ಮುಚ್ಚಿದ. ಉನಾಯ್ಸಿಯನ್ನು ಹಿಡಿದುಕೊಂಡಿದ್ದ ಹೆಂಗಸರು ಹಿಡಿತ ಬಿಗಿ ಮಾಡಿದರು, ಅವಳು ಮುಂದಕ್ಕೆ ಬಾಗಿದ್ದಳು, ಭುಜ ಅಲ್ಲಾಡುತ್ತಿತ್ತು.

“ಅವನೂ ಅದನ್ನೇ ಅಂತಿದ್ದ,” ಅಂದಳು ಉನಾಯ್ಸಿ. “ಲಾರಿಗೆ ಸೇರಿದ್ದೇ ನನ್ನ ಸಾರು ತಪ್ಪಿಸ್ಕೊಳ್ಳೋಕೆ ಅಂತಿದ್ದ ಕಳ್ಳ.”

ಮುದುಕಿಯೊಬ್ಬಳು ಮೂಗಿನಲ್ಲಿ ಕಿಸಕ್ಕೆಂದಳು, ಅದು ಶುರು. ಹೆಂಗಸರ ಸಾಲಿನಲ್ಲಿ ಹರಿಯಿತು, ಗಂಡಸರ ಕಡೆ ದಾಟಿತು. ತೊರಿಕಾ ಬಾಯಿಗೆ ಬಟ್ಟೆ ತುರುಕಿಕೊಂಡಳು, ಆಗಲಿಲ್ಲ. ಆದರೆ ಎಲ್ಲರ ನಗುವನ್ನೂ ಮೀರಿ ಒಂದು ನಗು ಏರುತ್ತಿತ್ತು. ಉನಾಯ್ಸಿ ಚಾಪೆ ಬಡಿಯುತ್ತ, ಕಣ್ಣಲ್ಲಿ ನೀರು ಸುರಿಯುತ್ತ, ಉಸಿರು ಸಿಗದೆ, ಮಾಡಿಗೆ ತಾಗುವಂತೆ ನಗುತ್ತಿದ್ದಳು. ಅವಳ ಎಡಬಲಕ್ಕಿದ್ದ ಹೆಂಗಸರು ಕೈ ಬಿಡಲಿಲ್ಲ.